ಮಾಸ್ಟ್ರೇ, ಕೈ ಡಿಪಾಸಿಟ್ ಮಾಡಿದಿರಾ?

ನಾನು ಇವತ್ತು ಸ್ವಲ್ಪ ಗಂಭೀರವಾಗಿ ಇರಬೇಕು ಅಂತ ತೀರ್ಮಾನ ಮಾಡಿ ಮನೆಯಿಂದ ಹೊರಟ ದಿನವೇ ಏನಾದರೊಂದು ಆಗುತ್ತದೆ. ಮೂಗು ಎರಡು ಸಲ ಮುರಿದದ್ದರಿಂದ ನನ್ನ ಮುಖ ಯಾವಾಗಲೂ ಸಿಟ್ಟು ಬಂದವನ ಹಾಗೆ ಕಾಣುತ್ತದೆ. ಆ ಮುಖ ನೋಡಿ ಹೆದರಿದವರಿಗಿಂತ ನಕ್ಕವರೇ ಜಾಸ್ತಿ. ತೊಂಬತ್ತರ ದಶಕವಿಡೀ ಗ್ಲೌಸ್ ಹಾಕಿಕೊಂಡು ಗುದ್ದಿದೆ, ಗುದ್ದಿಸಿಕೊಂಡೆ. ಅದು ಮುಗಿಯುವ ಹೊತ್ತಿಗೇ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಅಂತ ಬಸ್ಸಿನಲ್ಲಿ ಓಡಾಡಿ ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್ ಕಲಿಸಲಿಕ್ಕೆ ಶುರು ಮಾಡಿದೆ. ಪದಕಗಳ ವಿಷಯ ಯಾರಾದರೂ ಕೇಳಿದರೆ ಹೇಳುತ್ತೇನೆ, ಎದೆ ಉಬ್ಬಿಸಿಯೇ ಹೇಳುತ್ತೇನೆ. ಆದರೆ ಯಾರೂ ಕೇಳುವುದಿಲ್ಲ. ಎಲ್ಲರೂ ಕೇಳುವುದು ಈ ಕೆಳಗಿನದ್ದನ್ನೇ.

ಎದುರಾಳಿ ಇರಲಿಲ್ಲ

ನಾನು ಹುಡುಗನಾಗಿದ್ದಾಗ ಬಂಟ್ವಾಳದಲ್ಲಿ ಕಬಡ್ಡಿ ಇತ್ತು, ವಾಲಿಬಾಲ್ ಇತ್ತು, ಬಾಕ್ಸಿಂಗ್ ಮಾತ್ರ ಇರಲಿಲ್ಲ. ಅದನ್ನು ತಂದವರು ಸೈನ್ಯದಿಂದ ನಿವೃತ್ತರಾಗಿ ಬಂದ ಒಬ್ಬ ಹವಾಲ್ದಾರರು. ಅವರ ಟ್ರಂಕಿನಲ್ಲಿ ಎರಡು ಜೊತೆ ಗ್ಲೌಸ್ ಇತ್ತು. ನೇತ್ರಾವತಿ ನದಿಯ ಹೊಯಿಗೆ ದಂಡೆಯಲ್ಲಿ, ಮರಳಿನ ಮೇಲೆ, ನಮ್ಮನ್ನು ನಾಲ್ಕು ಜನರನ್ನು ದಿನಾ ಬೆಳಿಗ್ಗೆ ಓಡಿಸಿ, ಆಮೇಲೆ ಗುದ್ದಾಡಿಸುತ್ತಿದ್ದರು. ಒಂದು ವರ್ಷ ಕಳೆದ ಮೇಲೆ ನನ್ನನ್ನು ಮಂಗಳೂರಿಗೆ ಜಿಲ್ಲಾ ಪಂದ್ಯಕ್ಕೆ ಕರೆದುಕೊಂಡು ಹೋದರು.

ಅಲ್ಲಿ ಹೋಗಿ ನೋಡಿದರೆ ನನ್ನ ತೂಕದ ವಿಭಾಗದಲ್ಲಿ ಹೆಸರು ಕೊಟ್ಟವನು ನಾನು ಒಬ್ಬನೇ. ಬೆಳಿಗ್ಗೆಯಿಂದ ಕೈಗೆ ಪಟ್ಟಿ ಸುತ್ತಿಕೊಂಡು ಕೂತಿದ್ದೆ. ಮಧ್ಯಾಹ್ನ ನನ್ನ ಹೆಸರು ಕರೆದರು. ರಿಂಗಿಗೆ ಹತ್ತಿದೆ. ರೆಫರಿ ನನ್ನ ಕೈ ಹಿಡಿದು ಮೇಲೆ ಎತ್ತಿದರು. ಇಳಿದೆ. ಚಿನ್ನದ ಪದಕ ಬಂತು.

ನಮ್ಮೂರಿನ ಬಿ.ಸಿ. ರೋಡಿಗೆ ಬಂದು ಇಳಿದರೆ ಜೀಪು ನಿಂತಿದೆ, ಹೂವಿನ ಹಾರ ಉಂಟು, ಬ್ಯಾಂಡ್ ಸೆಟ್ ಉಂಟು! ಊರಿನ ಯುವಕ ಮಂಡಲದವರಿಗೆ ಹೇಗೋ ಸುದ್ದಿ ಮುಟ್ಟಿತ್ತು. ಸಂಜೆ ಸನ್ಮಾನ. ಭಾಷಣ ಮಾಡಿದವರು ನನ್ನ ಗಲ್ಲ ಹಿಡಿದು ಸಭೆಯ ಕಡೆ ತಿರುಗಿಸಿದರು.

"ಈ ಮುಖ ನೋಡಿ. ಒಂದು ಗೀರು ಉಂಟಾ? ಇಡೀ ಜಿಲ್ಲೆಯ ಒಬ್ಬನೇ ಒಬ್ಬ ಬಾಕ್ಸರಿಗೂ ಈ ಮುಖ ಮುಟ್ಟಲಿಕ್ಕೆ ಸಾಧ್ಯ ಆಗಲಿಲ್ಲ!"

ಚಪ್ಪಾಳೆಯೋ ಚಪ್ಪಾಳೆ. ನನಗೆ ನಾಚಿಕೆ ತಡೆಯಲಿಕ್ಕೆ ಆಗಲಿಲ್ಲ. ಸಭೆ ಮುಗಿದ ಮೇಲೆ ಒಬ್ಬರು ಬಂದು, "ಎದುರಾಳಿ ಹೇಗಿದ್ದ ಮಾರಾಯ?" ಅಂತ ಕೇಳಿದಾಗ ಸತ್ಯ ಹೇಳಿಬಿಟ್ಟೆ.

"ಎದುರಾಳಿ ಇಲ್ಲ."

ಮಾರನೇ ದಿನ ನನ್ನ ಉಮ್ಮ ಮೀನು ತರಲಿಕ್ಕೆ ಪೇಟೆಗೆ ಹೋದರು. ಮೀನು ಮಾರುವ ಹೆಂಗಸು ಬಂಗುಡೆ ಎಣಿಸುವುದನ್ನು ನಿಲ್ಲಿಸಿ, ಉಮ್ಮನ ಹತ್ತಿರ ಮೆಲ್ಲಗೆ ಕೇಳಿದಳಂತೆ: "ನಿಮ್ಮ ಮಗನ ಎದುರು ನಿಂತವ ಈಗ ಇಲ್ಲವಂತಲ್ಲ, ಪಾಪ. ಮನೆಯಲ್ಲಿ ಹೆಂಡತಿ ಮಕ್ಕಳು ಇದ್ದಾರಂತಾ?"

ಐವತ್ತು ಗ್ರಾಂ

ಆ ಚಿನ್ನ ನನಗೆ ಚುಚ್ಚುತ್ತಿತ್ತು. ಗುದ್ದಿ ಒಂದು ಪದಕ ತಗೊಳ್ಳಬೇಕು ಅಂತ ಎರಡು ವರ್ಷ ಬೆವರು ಸುರಿಸಿದೆ. ಬೆಂಗಳೂರಿನಲ್ಲಿ ರಾಜ್ಯಮಟ್ಟದ ಪಂದ್ಯ. ಬೆಳಿಗ್ಗೆ ತೂಕ ನೋಡುತ್ತಾರೆ. ಒಂದು ಗ್ರಾಂ ಜಾಸ್ತಿ ಇದ್ದರೂ ಮೇಲಿನ ವಿಭಾಗಕ್ಕೆ ಹೋಗಬೇಕು, ಅಲ್ಲಿ ಇರುವವರೆಲ್ಲ ಗೋಣಿ ಹೊರುವವರ ಹಾಗಿದ್ದರು. ನಾನು ತಕ್ಕಡಿ ಹತ್ತಿದೆ. ಇನ್ನೂರು ಗ್ರಾಂ ಜಾಸ್ತಿ.

"ಒಂದು ಗಂಟೆ ಸಮಯ ಉಂಟು, ಓಡು," ಅಂದರು ಹವಾಲ್ದಾರರು. ಎರಡು ಸ್ವೆಟರ್ ಹಾಕಿ ಓಡಿದೆ. ಉಗುಳಿದೆ. ಮತ್ತೆ ಹತ್ತಿದೆ. ಇನ್ನೂ ಐವತ್ತು ಗ್ರಾಂ. ಮೈಮೇಲೆ ಚಡ್ಡಿ ಬಿಟ್ಟು ಬೇರೇನೂ ಇರಲಿಲ್ಲ. ಹವಾಲ್ದಾರರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಅವರ ಕಣ್ಣು ನನ್ನ ತಲೆಯ ಮೇಲೆ ನಿಂತಿತು. ಆ ಕಾಲದ ಫ್ಯಾಶನ್ನಿನಂತೆ ನಾನು ಕೂದಲನ್ನು ಕುತ್ತಿಗೆವರೆಗೆ ಬಿಟ್ಟಿದ್ದೆ. ಅದಕ್ಕೆ ದಿನಾ ತೆಂಗಿನೆಣ್ಣೆ ಬೇರೆ.

"ಸರ್, ಬೇಡ ಸರ್," ಅಂದೆ.

ಎದುರಿನ ರಸ್ತೆಯಲ್ಲೇ ಕ್ಷೌರದಂಗಡಿ ಇತ್ತು. ಹತ್ತು ನಿಮಿಷದಲ್ಲಿ ನನ್ನ ತಲೆ ಹೊಸ ಮಡಕೆಯ ಹಾಗೆ ಹೊಳೆಯಿತು. ತಕ್ಕಡಿಯ ಮುಳ್ಳು ಗೆರೆಗೆ ಸರಿಯಾಗಿ ಬಂದು ನಿಂತಿತು. ಆ ಪಂದ್ಯದಲ್ಲಿ ನನಗೆ ಕಂಚು ಸಿಕ್ಕಿತು. ಮೂರು ಜನರ ಎದುರು ನಿಜವಾಗಿ ಗುದ್ದಾಡಿ, ಇಬ್ಬರನ್ನು ಸೋಲಿಸಿ ತಗೊಂಡ ಕಂಚು. ಮೂಗು ಮೊದಲ ಸಲ ಮುರಿದದ್ದೂ ಆಗಲೇ. ಅಷ್ಟು ಸಂತೋಷ ನನಗೆ ಅದಕ್ಕಿಂತ ಮೊದಲು ಆಗಿರಲಿಲ್ಲ.

ಊರಿನ ಬಸ್ಸು ಹತ್ತಿದ ಕೂಡಲೇ ಕಂಡಕ್ಟರ್ ನನ್ನ ತಲೆ ನೋಡಿ ಕೈ ಚಾಚಿದ. "ತಿರುಪತಿಗೆ ಹೋದದ್ದಾ? ಲಡ್ಡು ಎಲ್ಲಿ?"

ನಮ್ಮ ಓಣಿಗೆ ಕಾಲಿಟ್ಟರೆ ಪಕ್ಕದ ಮನೆಯ ಅಜ್ಜಿ ಎರಡೂ ಕೈಯಿಂದ ನನ್ನ ತಲೆ ಸವರಿದರು. "ಮಕ್ಕಾಕ್ಕೆ, ಉಮ್ರಾಕ್ಕೆ ಹೋಗಿದ್ದಿಯಾ ಮೋನೇ? ಒಂದು ಮಾತು ಹೇಳಲಿಲ್ಲ! ಜಂಜಂ ನೀರು ತಂದಿದ್ದಿಯಾ?"

ಅಲ್ಲ, ಇದು ಬಾಕ್ಸಿಂಗಿಗೆ ತೆಗೆದದ್ದು ಅಂತ ನಾನು ಹೇಳಿದೆ. "ಹೌದು, ಮಾಡಿದ ಪುಣ್ಯ ಯಾರಿಗೂ ಹೇಳಿಕೊಳ್ಳಬಾರದು," ಅಂತ ಅಜ್ಜಿ ಕಣ್ಣು ಒರೆಸಿಕೊಂಡರು.

ನನ್ನ ಉಮ್ಮ ಮಾತ್ರ ಲಡ್ಡು ಕೇಳಲಿಲ್ಲ, ನೀರು ಕೇಳಲಿಲ್ಲ. ಪದಕವನ್ನು ಸೆರಗಿನಲ್ಲಿ ಒರೆಸಿ ಕಪಾಟಿನಲ್ಲಿ ಇಟ್ಟು, ಐವತ್ತು ಗ್ರಾಮಿನ ಕತೆಯನ್ನು ಪೂರ್ತಿ ಕೇಳಿ, ಒಂದೇ ಮಾತು ಹೇಳಿದರು.

"ನಿನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಅದನ್ನೂ ತೆಗೆಸಿದಿಯಾ?"

ದಿನಕ್ಕೆ ಎಷ್ಟು ಬಾಕ್ಸ್?

ನನಗೆ ಹೆಣ್ಣು ನೋಡಲಿಕ್ಕೆ ಶುರು ಮಾಡಿದಾಗ ಮನೆಯಲ್ಲಿ ದೊಡ್ಡ ಚಿಂತೆ. ದುಬೈಯಲ್ಲಿದ್ದಾನೆ ಅಂದರೆ ಹೆಣ್ಣು ಕೊಡುತ್ತಾರೆ, ಅಂಗಡಿ ಉಂಟು ಅಂದರೆ ಕೊಡುತ್ತಾರೆ. ಗುದ್ದುವ ಕೆಲಸ ಅಂದರೆ ಯಾರು ಕೊಡುತ್ತಾರೆ? ಮದುವೆ ದಲ್ಲಾಳಿ ಬಹಳ ಚುರುಕಿನ ಮನುಷ್ಯ. "ನೀವು ಸುಮ್ಮನಿರಿ, ನಾನು ನೋಡಿಕೊಳ್ತೇನೆ," ಅಂದ. ಬೆಳ್ತಂಗಡಿಯ ಒಬ್ಬ ವ್ಯಾಪಾರಿಯ ಮನೆಗೆ ಹೋಗಿ, "ಹುಡುಗ ಬಾಕ್ಸಿಂಗಿನಲ್ಲಿ ಇದ್ದಾನೆ," ಅಂತ ಹೇಳಿ ಬಂದ. ಅವನು ಸುಳ್ಳು ಹೇಳಲಿಲ್ಲ. ಆದರೆ ಕೇಳಿದವರ ತಲೆಗೆ ಬೇರೆಯದ್ದೇ ಹೋಯಿತು. ನಮ್ಮ ಕರಾವಳಿಯಲ್ಲಿ ಬಾಕ್ಸ್ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಮೀನಿನ ಬಾಕ್ಸ್.

ನಾವು ಅವರ ಮನೆಗೆ ಹೋದೆವು. ಚಹಾ ಬಂತು. ಮಾವನಾಗುವವರು ನನ್ನ ಎದುರು ಕೂತು ವಿಚಾರಣೆ ಶುರು ಮಾಡಿದರು.

"ದಿನಕ್ಕೆ ಎಷ್ಟು?"

ಪ್ರಾಕ್ಟೀಸ್ ಕೇಳುತ್ತಿದ್ದಾರೆ ಅಂತ ನಾನು ತಿಳಿದೆ. "ದಿನಕ್ಕೆ ಎರಡು ಸಲ. ಬೆಳಿಗ್ಗೆ ಒಂದು, ಸಂಜೆ ಒಂದು."

"ಮಳೆಗಾಲದಲ್ಲಿ ಬಂದ್ ಅಲ್ವಾ?"

"ಇಲ್ಲ ಇಲ್ಲ. ಮಳೆಗಾಲದಲ್ಲಿ ಒಳಗೆ ಮಾಡ್ತೇವೆ."

ಅವರು ಹುಬ್ಬು ಏರಿಸಿದರು. "ಐಸ್ ಎಲ್ಲ ಬೇಕಾಗ್ತದಲ್ಲ?"

ಇವರಿಗೆ ಆಟದ ಬಗ್ಗೆ ಎಷ್ಟೆಲ್ಲ ಗೊತ್ತುಂಟು ಅಂತ ನನಗೆ ಖುಷಿಯಾಯಿತು. "ಐಸ್ ಇಲ್ಲದೆ ನಮ್ಮ ಕೆಲಸವೇ ಇಲ್ಲ. ಊದಿಕೊಂಡ ಕೂಡಲೇ ಐಸ್ ಇಡಬೇಕು."

"ಊದಿಕೊಂಡದ್ದನ್ನು ಬಿಸಾಡುವುದಿಲ್ವಾ?"

"ಎಂತಕ್ಕೆ ಬಿಸಾಡುವುದು? ಎರಡು ದಿನ ಬಿಟ್ಟರೆ ಮತ್ತೆ ಮೊದಲಿನ ಹಾಗೆ ಆಗ್ತದೆ."

ಅವರು ಚಹಾದ ಲೋಟ ಕೆಳಗೆ ಇಟ್ಟರು. ಆಮೇಲೆ ನನ್ನ ಮುಖವನ್ನೇ ನೋಡಿ, "ಧೈರ್ಯ ಉಂಟು ನಿಮಗೆ," ಅಂದರು. ನಿಕಾಹ್ ನಿಶ್ಚಯವಾಯಿತು.

ಮದುವೆಯಾಗಿ ತಿಂಗಳು ಕಳೆದ ಮೇಲೆ ಮಾವ ಅಳಿಯನ ಕೆಲಸ ನೋಡಲಿಕ್ಕೆ ಬಂದರು. ನಾನು ಕಲಿಸುವ ಶೆಡ್ಡಿನೊಳಗೆ ಇಬ್ಬರು ಯುವಕರು ಒಬ್ಬರ ಮುಖಕ್ಕೆ ಒಬ್ಬರು ಗುದ್ದುತ್ತಿದ್ದರು. ನಾನು ಪಕ್ಕದಲ್ಲಿ ನಿಂತು, "ಜೋರು, ಇನ್ನೂ ಜೋರು!" ಅನ್ನುತ್ತಿದ್ದೆ. ಮಾವ ಮೂಲೆ ಮೂಲೆ ನೋಡಿ ಕೇಳಿದರು, "ಮೀನು ಎಲ್ಲಿ?"

ಅವತ್ತು ಎಲ್ಲ ಬಯಲಾಯಿತು. ನನ್ನ ಹೆಂಡತಿಗೆ ಮಾತ್ರ ಮೊದಲೇ ಗೊತ್ತಿತ್ತಂತೆ. ಪೇಪರಿನಲ್ಲಿ ನನ್ನ ಕಂಚಿನ ಫೋಟೊ ಬಂದಿತ್ತು, ಅದನ್ನು ಕತ್ತರಿಸಿ ಪುಸ್ತಕದೊಳಗೆ ಇಟ್ಟಿದ್ದಳು. "ಬಾಪನಿಗೆ ಹೇಳಿದ್ದರೆ ಈ ಮದುವೆ ಆಗ್ತಿತ್ತಾ?" ಅಂತ ಕೇಳಿದಳು. ಮಾವ ಸಿಟ್ಟು ಮಾಡುತ್ತಾರೆ ಅಂತ ನಾನು ಹೆದರಿದ್ದೆ. ಅವರು ನಿಟ್ಟುಸಿರು ಬಿಟ್ಟು ಬೆಂಚಿನ ಮೇಲೆ ಕೂತರು.

"ಊದಿದ ಮೀನನ್ನು ಎರಡು ದಿನ ಇಟ್ಟು ಮಾರುವವನು ಅಂತ ತಿಳಿದೂ ಮಗಳನ್ನು ಕೊಟ್ಟಿದ್ದೇನೆ," ಅಂದರು. "ಅದಕ್ಕಿಂತ ಇದು ಎಷ್ಟೋ ಮೇಲು."

ಉದ್ಘಾಟನೆಯ ಗುದ್ದು

ಮೂಡುಬಿದಿರೆಯಲ್ಲಿ ಕ್ಲಾಸು ಶುರು ಮಾಡಿದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಮಹಡಿಯಲ್ಲಿ. ಕೆಳಗೆ ಹೆಂಗಸರ ಬಟ್ಟೆ ಹೊಲಿಯುವ ಟೈಲರ್. ಒಳ್ಳೆಯ ಮನುಷ್ಯ, ಹೇಳಿದ ದಿನಕ್ಕೆ ಬಟ್ಟೆ ಕೊಡುವುದಿಲ್ಲ ಅನ್ನುವುದು ಬಿಟ್ಟರೆ ಬೇರೆ ದೋಷ ಇಲ್ಲ. ಪೇಟೆಯಿಂದ ಪಂಚಿಂಗ್ ಬ್ಯಾಗ್ ತರಿಸುವ ಶಕ್ತಿ ನನಗಿರಲಿಲ್ಲ. ಟೈಲರೇ ಹಳೆಯ ಟಾರ್ಪಾಲಿನಲ್ಲಿ ದೊಡ್ಡ ಚೀಲ ಹೊಲಿದುಕೊಟ್ಟರು. ಅದಕ್ಕೆ ತುಂಬಿಸಲಿಕ್ಕೆ ಅಂಗಡಿಯ ಮೂಲೆಯಲ್ಲಿ ರಾಶಿ ಬಿದ್ದಿದ್ದ ಚಿಂದಿ ಬಟ್ಟೆಯನ್ನೆಲ್ಲ ಗೋಣಿಗಟ್ಟಲೆ ಮೇಲೆ ಕಳಿಸಿದರು. "ನನ್ನ ಅಂಗಡಿಯೂ ಕ್ಲೀನ್ ಆಯ್ತು," ಅಂದರು.

ಉದ್ಘಾಟನೆಗೆ ಒಬ್ಬರು ಕಾಲೇಜು ಉಪನ್ಯಾಸಕಿಯನ್ನು ಕರೆದಿದ್ದೆ. ದೀಪ ಹಚ್ಚುವುದು ಎಲ್ಲ ಕಡೆ ಇರುತ್ತದೆ, ಇಲ್ಲಿ ಬ್ಯಾಗಿಗೆ ಮೊದಲ ಗುದ್ದು ಕೊಡುವುದೇ ಉದ್ಘಾಟನೆ ಅಂತ ನಾನು ಹೊಸ ಕ್ರಮ ಮಾಡಿದ್ದೆ. ಟೈಲರ್ ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದರು. ಮೇಡಂ ಸೆರಗು ಸಿಕ್ಕಿಸಿ, ಗ್ಲೌಸ್ ಹಾಕಿದರು.

"ಮೆಲ್ಲಗೆ ಸಾಕು ಮೇಡಂ," ಅಂದೆ.

ಅವರು ಮೆಲ್ಲಗೆ ಗುದ್ದುವ ಜಾತಿಯವರಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು? ಬ್ಯಾಗಿನ ಹೊಲಿಗೆ ಮೇಲಿಂದ ಕೆಳಗಿನವರೆಗೆ ಬಿಟ್ಟುಹೋಯಿತು. ಬಣ್ಣ ಬಣ್ಣದ ಚಿಂದಿಯೆಲ್ಲ ಮೇಡಂ ಕಾಲಿನ ಮೇಲೆ ಸುರಿಯಿತು. ಕೊನೆಗೆ ನಿಧಾನವಾಗಿ, ಮಡಿಕೆ ಸಮೇತ, ಒಂದು ಹಸಿರು ರೇಷ್ಮೆ ರವಕೆ ಬಿತ್ತು. ಅಂಚಿಗೆ ಜರಿ, ಕೊಕ್ಕೆ, ಕಸೆ ಎಲ್ಲ ಉಂಟು.

ಮೇಡಂ ಬಗ್ಗಿ ಅದನ್ನು ಎತ್ತಿಕೊಂಡರು. ಅವರ ಮುಖ ಕೆಂಪಾಯಿತು. "ಇದು ನನ್ನದು! ನನ್ನ ತಂಗಿಯ ಮದುವೆಗೆ ಹೊಲಿಯಲಿಕ್ಕೆ ಕೊಟ್ಟದ್ದು. ಮದುವೆ ಆಗಿ ಮಗುವೂ ಆಯಿತು!"

ಇಡೀ ಸಭೆ ಟೈಲರ ಕಡೆ ತಿರುಗಿತು. ಗ್ಲೌಸ್ ಹಾಕಿದ ಕೈ ಇನ್ನೂ ಮೇಲೆಯೇ ಇತ್ತು. ನಾನು ನಡುವೆ ನಿಲ್ಲುವುದೋ ಬೇಡವೋ ಅಂತ ಯೋಚನೆ ಮಾಡುತ್ತಿದ್ದೆ. ಟೈಲರ್ ಎದ್ದು ನಿಂತು, ಏನೂ ಆಗದವರ ಹಾಗೆ ಕೈ ಮುಗಿದರು.

"ನಾನು ಆವತ್ತೇ ಹೇಳಿದ್ದೆನಲ್ಲ ಮೇಡಂ, ರೆಡಿ ಉಂಟು, ನೀವು ಬಂದು ತಗೊಂಡ್ರೆ ಆಯ್ತು ಅಂತ!"

ಮೇಡಂ ನಕ್ಕುಬಿಟ್ಟರು. ಮುಂದಿನ ವಾರದಿಂದ ತಮ್ಮ ಕಾಲೇಜಿನ ಹನ್ನೆರಡು ಹುಡುಗಿಯರನ್ನು ನನ್ನ ಕ್ಲಾಸಿಗೆ ಕಳಿಸಿದರು. ಮಹಡಿಯಲ್ಲಿ ಹುಡುಗಿಯರ ಬಾಕ್ಸಿಂಗ್ ಶುರುವಾದದ್ದು ಒಂದು ರವಕೆಯಿಂದ ಅಂತ ನಾನು ಈಗಲೂ ಹೆಮ್ಮೆಯಿಂದ ಹೇಳುತ್ತೇನೆ.

ಲಾಂಗ್ ಬೆಲ್

ಇದು ಸಣ್ಣದು. ಬೆಳ್ತಂಗಡಿ ಕಡೆಯ ಒಂದು ಹೈಸ್ಕೂಲಿನವರು, ಮಕ್ಕಳಿಗೆ ಬಾಕ್ಸಿಂಗ್ ಅಂದರೆ ಏನಂತ ತೋರಿಸಿ ಅಂತ ಕರೆದರು. ಆ ಶಾಲೆಯಲ್ಲೇ ಓದಿ ಹೋದ ನನ್ನ ಇಬ್ಬರು ಶಿಷ್ಯರನ್ನು ಕರೆದುಕೊಂಡು ಹೋದೆ. ಮೈದಾನದಲ್ಲಿ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿದೆವು. ಮಕ್ಕಳೆಲ್ಲ ಸುತ್ತ ಕೂತರು. ಸುತ್ತು ಶುರುವಾಗುವಾಗ, ಮುಗಿಯುವಾಗ ಗಂಟೆ ಹೊಡೆಯಬೇಕಲ್ಲ? ನಮ್ಮ ಹತ್ತಿರ ಗಂಟೆ ಇರಲಿಲ್ಲ. ಜಗಲಿಯಲ್ಲಿ ನೇತಾಡುತ್ತಿದ್ದ ಶಾಲೆಯ ಕಬ್ಬಿಣದ ಗಂಟೆಯ ಹತ್ತಿರ ಆಟದ ಮಾಸ್ಟ್ರನ್ನು ನಿಲ್ಲಿಸಿದೆವು.

ಮೊದಲ ಸುತ್ತು ಬಹಳ ಚೆನ್ನಾಗಿ ನಡೆಯಿತು. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಾನು ಕೈ ಎತ್ತಿ ಸನ್ನೆ ಮಾಡಿದೆ. ಆಟದ ಮಾಸ್ಟ್ರಿಗೂ ಉಮೇದು ಬಂದಿತ್ತು. ಸುತ್ತಿಗೆ ತಗೊಂಡು ಟಣ ಟಣ ಟಣ ಅಂತ ಉದ್ದಕ್ಕೆ ಬಾರಿಸಿಬಿಟ್ಟರು.

ಅದು ಸಂಜೆ ಶಾಲೆ ಬಿಡುವ ಗಂಟೆ. ಒಮ್ಮೆಲೇ ಧೂಳು ಎದ್ದಿತು. ಮುಖ್ಯೋಪಾಧ್ಯಾಯರು ಮೈಕಿನಲ್ಲಿ, "ಕೂತುಕೊಳ್ಳಿ, ಕೂತುಕೊಳ್ಳಿ," ಅನ್ನುತ್ತಲೇ ಇದ್ದರು. ಧೂಳು ಇಳಿದಾಗ ಮೈದಾನದಲ್ಲಿ ಒಂದು ಮಗು ಇಲ್ಲ. ಹೋಗಲಿ, ಶಿಕ್ಷಕರಿಗಾದರೂ ಎರಡನೇ ಸುತ್ತು ತೋರಿಸುವ ಅಂತ ನಾನು ಹಗ್ಗದ ಕಡೆ ತಿರುಗಿದೆ.

ರಿಂಗೂ ಖಾಲಿ. ಶಾಲೆಯ ಗಂಟೆ ಕೇಳಿದ ಹತ್ತು ವರ್ಷದ ಅಭ್ಯಾಸ ನೋಡಿ, ನನ್ನ ಶಿಷ್ಯರಿಬ್ಬರೂ ಗ್ಲೌಸ್ ಸಮೇತ ಗೇಟು ದಾಟಿದ್ದರು.

ಎರಡೂ ಕೈ, ಸ್ಥಿತಿ ಉತ್ತಮ

ನಮ್ಮ ಕಡೆ ಒಂದು ನಂಬಿಕೆ ಉಂಟು. ಬಾಕ್ಸಿಂಗ್, ಕರಾಟೆ ಕಲಿತವರ ಕೈಯನ್ನು ಪೊಲೀಸ್ ಸ್ಟೇಷನ್ನಿನಲ್ಲಿ ರಿಜಿಸ್ಟರ್ ಮಾಡಿರುತ್ತಾರೆ, ಅದು ಆಯುಧದ ಲೆಕ್ಕ, ಲೈಸೆನ್ಸ್ ಇಲ್ಲದೆ ಯಾರಿಗೂ ಹೊಡೆಯುವ ಹಾಗಿಲ್ಲ ಅಂತ. ಹಾಗೇನೂ ಇಲ್ಲ ಅಂತ ನಾನು ಹೇಳಿ ಹೇಳಿ ಸುಸ್ತಾದೆ. "ಅದನ್ನು ಹೊರಗೆ ಹೇಳಬಾರದು ಅಂತ ಇವರಿಗೆ ಆರ್ಡರ್ ಇರಬೇಕು," ಅಂತ ಜನ ಅದಕ್ಕೂ ಕಾರಣ ಹುಡುಕಿದರು.

ಒಂದು ಸಲ ಚುನಾವಣೆ ಬಂತು. ಚುನಾವಣೆ ಬಂದರೆ ತೋಟಕ್ಕೆ ಕೋವಿ ಇಟ್ಟುಕೊಂಡವರೆಲ್ಲ ಅದನ್ನು ಸ್ಟೇಷನ್ನಿಗೆ ಕೊಟ್ಟು ರಸೀದಿ ತಗೊಳ್ಳಬೇಕು. ನಾನು ಒಂದು ಪಂದ್ಯಕ್ಕೆ ಮೈಕ್ ಪರ್ಮಿಶನ್ ಕೇಳಲಿಕ್ಕೆ ಸ್ಟೇಷನ್ನಿಗೆ ಹೋಗಿದ್ದೆ. ಸಾಲಿನಲ್ಲಿ ನನ್ನ ಹಿಂದೆ ನಮ್ಮೂರಿನ ಒಬ್ಬರು ಹಿರಿಯ ಕೃಷಿಕರು, ಕೋವಿಯನ್ನು ಹೆಗಲಿನ ಬೈರಾಸು ಬಟ್ಟೆಯಲ್ಲಿ ಸುತ್ತಿ ಹಿಡಿದು ನಿಂತಿದ್ದರು. ನನ್ನನ್ನು ನೋಡಿ ಬಹಳ ವಿಶ್ವಾಸದಿಂದ ಕೇಳಿದರು.

"ಮಾಸ್ಟ್ರೇ, ಕೈ ಡಿಪಾಸಿಟ್ ಮಾಡಿದಿರಾ?"

ನಾನು ನಕ್ಕೆ. ಅವರು ನಗಲಿಲ್ಲ. "ಅಲ್ಲ ಮಾರಾಯ್ರೆ, ಕಾನೂನು ಅಂದರೆ ಎಲ್ಲರಿಗೂ ಒಂದೇ ಅಲ್ವಾ? ನಾನು ಮೂರು ಬಸ್ಸು ಬದಲಿಸಿ ಬಂದಿದ್ದೇನೆ."

"ಕೈ ಡಿಪಾಸಿಟ್ ಮಾಡಿದರೆ ಊಟ ಹೇಗೆ ಮಾಡುವುದು?" ಅಂದೆ.

"ಅದು ಸರಕಾರ ನೋಡಿಕೊಳ್ಳಬೇಕು."

ಸರದಿ ಬಂದಾಗ ಅವರು ನನ್ನ ಮೇಲೆ ದೂರನ್ನೇ ಕೊಟ್ಟರು. ಹೆಡ್ ಕಾನ್‌ಸ್ಟೇಬಲ್ ಎದುರು ಕೋವಿ ಇಟ್ಟು, ನನ್ನ ಕಡೆ ಬೆರಳು ತೋರಿಸಿದರು. "ಸ್ವಾಮೀ, ನನ್ನ ಕೋವಿಗೆ ಹತ್ತು ವರ್ಷದಿಂದ ಒಂದು ಕಾಗೆ ಸಹ ಬೀಳಲಿಲ್ಲ. ಅದನ್ನು ನೀವು ತಗೊಳ್ತೀರಿ. ಇವರ ಎದುರು ನಿಂತವ ಹೋಗಿಬಿಟ್ಟದ್ದು ಇಡೀ ಬಂಟ್ವಾಳಕ್ಕೆ ಗೊತ್ತುಂಟು. ಇವರದ್ದು ಯಾಕೆ ತಗೊಳ್ಳುವುದಿಲ್ಲ?"

ಹೆಡ್ ಕಾನ್‌ಸ್ಟೇಬಲ್ಲರ ಮಗಳು ನನ್ನ ಕ್ಲಾಸಿನಲ್ಲೇ ಇದ್ದಳು. ಅವರು ನನ್ನನ್ನು ನೋಡಿದರು, ಕೃಷಿಕರನ್ನು ನೋಡಿದರು. ಮುಖದಲ್ಲಿ ನಗುವಿನ ಸುಳಿವಿಲ್ಲ. "ನೀವು ಹೇಳಿದ್ದು ನ್ಯಾಯ," ಅಂದರು. "ಮಾಸ್ಟ್ರೇ, ಕೈ ಮೇಜಿನ ಮೇಲೆ ಇಡಿ."

ಇಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ಪರೀಕ್ಷೆ ಮಾಡಿ, ಒಂದು ಬಿಳಿ ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದರು: "ಬಾಕ್ಸಿಂಗ್ ಕೈ, ಎರಡು. ಸ್ಥಿತಿ ಉತ್ತಮ. ಪಾಪದವರ ಮೇಲೆ ಪ್ರಯೋಗ ಆದ ದಾಖಲೆ ಇಲ್ಲ. ಚುನಾವಣೆ ಮುಗಿಯುವವರೆಗೆ ಮಾಲೀಕರಲ್ಲೇ ಇರತಕ್ಕದ್ದು."

ಕೃಷಿಕರು ಓದಿ ತೃಪ್ತರಾದರು. ಆ ಕಾಗದವನ್ನು ನನ್ನ ಹೆಂಡತಿ ಫ್ರೇಮ್ ಹಾಕಿಸಿ ಪದಕಗಳ ಪಕ್ಕದಲ್ಲಿ ತೂಗು ಹಾಕಿದ್ದಾಳೆ. ಮನೆಗೆ ಬಂದವರು ಪದಕ ನೋಡುವುದಿಲ್ಲ, ಅದನ್ನೇ ಓದುತ್ತಾರೆ.

ಕೆಂಪಿನವಳ ಅಮ್ಮ, ನೀಲಿಯವಳ ಅಮ್ಮ

ಎರಡು ಸಾವಿರದ ನಂತರದ ಮಾತು. ಅಳದಂಗಡಿ ಹತ್ತಿರದ ಒಂದು ಹಳ್ಳಿಯಿಂದ ಡಿಗ್ರಿ ಓದುವ ಹುಡುಗಿಯೊಬ್ಬಳು ಮೂಡುಬಿದಿರೆಯ ನನ್ನ ಕ್ಲಾಸಿಗೆ ಬಂದಳು. ಮಾತೇ ಇಲ್ಲ. ಹೆಸರು ಕೇಳಿದರೆ ನೆಲ ನೋಡುತ್ತಿದ್ದಳು. ಮೊದಲ ದಿನ, "ನನ್ನ ಕೈಗೆ ಒಂದು ಗುದ್ದು ಕೊಡು," ಅಂತ ಅಂಗೈ ಹಿಡಿದೆ. ಅವಳು ನೆಲ ನೋಡುತ್ತಲೇ ಗುದ್ದಿದಳು. ಅದು ಅಂಗೈ ತಪ್ಪಿ ನನ್ನ ಮೂಗಿಗೆ ಬಿತ್ತು. ನನ್ನ ಮೂಗು ಎರಡನೇ ಸಲ ಮುರಿದ ಕತೆ ಇದು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಇಂಥ ಕೈ ಹತ್ತು ವರ್ಷಕ್ಕೆ ಒಮ್ಮೆ ಸಿಗುವುದು.

ಎರಡು ವರ್ಷದಲ್ಲಿ ಅವಳು ಜಿಲ್ಲೆಯಲ್ಲಿ ಎಲ್ಲರನ್ನೂ ಸೋಲಿಸಿದಳು. ಆದರೆ ಮನೆಯಲ್ಲಿ ಕಷ್ಟ ಇತ್ತು. ತಂದೆ ಇಲ್ಲ. ಅಮ್ಮ ಬೀಡಿ ಕಟ್ಟಿ ಓದಿಸುತ್ತಿದ್ದರು. ಸಂಬಂಧಿಕರೆಲ್ಲ, "ಹೆಣ್ಣು ಮಗುವಿನ ಹಲ್ಲು ಹೋದರೆ ಯಾರು ಮದುವೆ ಆಗ್ತಾರೆ?" ಅಂತ ಅಮ್ಮನ ತಲೆ ತಿಂದಿದ್ದರು. ರಾಜ್ಯಮಟ್ಟದ ಪಂದ್ಯ ಆ ವರ್ಷ ಮೂಡುಬಿದಿರೆಯಲ್ಲೇ ಬಂತು. ಅಮ್ಮ ನನ್ನ ಹತ್ತಿರ ಬಂದು ಸ್ಪಷ್ಟವಾಗಿ ಹೇಳಿದರು.

"ಮಾಸ್ಟ್ರೇ, ಇದೊಂದು ಮುಗಿಯಲಿ. ಆಮೇಲೆ ಬೇಡ. ಒಂದು ಕಡೆಯಿಂದ ನೋಡಲಿಕ್ಕೆ ಬರ್ತೇವೆ ಅಂದಿದ್ದಾರೆ."

"ಅಮ್ಮ, ನೀವು ಇವಳ ಆಟ ಒಂದು ಸಲವಾದರೂ ನೋಡಿದ್ದೀರಾ?"

"ಇಲ್ಲಪ್ಪ. ನನಗೆ ನೋಡಲಿಕ್ಕೆ ಹೆದರಿಕೆ."

"ಬಂದು ನೋಡಿ. ನೋಡಿದ ಮೇಲೆ ನೀವು ಬೇಡ ಅಂದರೆ ಬೇಡ. ನಾನು ಮತ್ತೆ ಮಾತೆತ್ತುವುದಿಲ್ಲ."

ಬಂದರು. ನಾನು ಹುಡುಗಿಯ ಮೂಲೆಯಲ್ಲಿ ಇರಬೇಕು, ಅಮ್ಮನನ್ನು ನೋಡಿಕೊಳ್ಳಲಿಕ್ಕೆ ನನ್ನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿದೆ. ಪಂದ್ಯದ ಹೊತ್ತಿನಲ್ಲಿ ಅಲ್ಲಿ ನಡೆದ ಮಾತೆಲ್ಲ ಅವಳು ಕಿವಿಯಾರೆ ಕೇಳಿ ನನಗೆ ಹೇಳಿದ್ದು.

ಫೈನಲಿನಲ್ಲಿ ನಮ್ಮವಳಿಗೆ ಕೆಂಪು ಬನಿಯನ್, ಬೆಳಗಾವಿ ಕಡೆಯ ಎದುರಾಳಿಗೆ ನೀಲಿ. ಇಬ್ಬರ ತಲೆಗೂ ಹೆಡ್‌ಗಾರ್ಡ್, ಬಾಯಲ್ಲಿ ಗಾರ್ಡ್, ಒಂದೇ ಎತ್ತರ. ಮುಖವೇ ಕಾಣುವುದಿಲ್ಲ. ಮೊದಲ ಸುತ್ತಿನಲ್ಲಿ ನೀಲಿಯವಳು ನಮ್ಮವಳಿಗೆ ಚೆನ್ನಾಗಿಯೇ ಬಾರಿಸಿದಳು. ಹೆದರಿಕೊಂಡು ಬಂದಿದ್ದ ಅಮ್ಮ ಮೆಲ್ಲಮೆಲ್ಲಗೆ ಮುಂದಕ್ಕೆ ಬಾಗಿದರು. ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಹಾಗೆ! ಇನ್ನೊಂದು ಕೊಡು!"

ಪಕ್ಕದಲ್ಲಿ ಕೂತಿದ್ದ ದಪ್ಪಗಿನ ಹೆಂಗಸು ಇವರ ಮುಖ ನೋಡಿದರು. "ನಿಮಗೂ ಆಕಿ ಆಟ ಸೇರ್ತೇನ್ರೀ? ಆಕಿ ನನ್ನ ಮಗಳ್ರೀ."

"ಯಾರು?"

"ನೀಲಿ ಅಂಗಿಯಾಕಿ."

ಅಮ್ಮ ಚಪ್ಪಾಳೆ ಅರ್ಧಕ್ಕೆ ನಿಲ್ಲಿಸಿದರು. ಇಷ್ಟು ಹೊತ್ತು ಖುಷಿಪಟ್ಟದ್ದು ಸ್ವಂತ ಮಗಳಿಗೆ ಬಿದ್ದ ಏಟಿಗೆ ಅಂತ ಗೊತ್ತಾದಾಗ ಅವರ ಮುಖ ಹೇಗಾಯಿತು ಅಂತ ನನ್ನ ಹೆಂಡತಿ ಇವತ್ತಿಗೂ ಮಾಡಿ ತೋರಿಸುತ್ತಾಳೆ. ಎರಡನೇ ಸುತ್ತಿನ ಗಂಟೆ ಆಗುವುದಕ್ಕೂ ಇವರ ಕೂಗು ಏಳುವುದಕ್ಕೂ ಸರಿಹೋಯಿತು. ಮೂಲೆಯಲ್ಲಿದ್ದ ನನಗೂ ಅದು ಕೇಳಿಸಿತು. ತುಳುವಿನಲ್ಲಿ ಮಗಳ ಹೆಸರು ಹಿಡಿದು ಕೂಗಿದ್ದು. "ಬಿಡಬೇಡ, ನಾನು ಇಲ್ಲೇ ಇದ್ದೇನೆ!"

ಹುಡುಗಿ ಒಂದು ಕ್ಷಣ ಆ ಕಡೆ ನೋಡಿದಳು. ಅಮ್ಮ ತನಗಾಗಿ ಕೂಗುವುದನ್ನು ಅವಳು ಮೊದಲ ಸಲ ಕೇಳಿದ್ದು. ಆಮೇಲೆ ನಡೆದದ್ದು ನನ್ನ ಕಲಿಸುವಿಕೆ ಅಂತ ಹೇಳಿಕೊಳ್ಳಲಿಕ್ಕೆ ನನಗೆ ಆಸೆ ಉಂಟು, ಆದರೆ ಅದು ಸತ್ಯ ಅಲ್ಲ. ನೆಲ ನೋಡುತ್ತಿದ್ದ ಹುಡುಗಿ ತಲೆ ಎತ್ತಿ ಮುಂದೆ ಮುಂದೆ ಹೋದಳು. ಕೊನೆಯ ಸುತ್ತಿನಲ್ಲಿ ನೀಲಿಯವಳು ಹಗ್ಗಕ್ಕೆ ಒರಗಿಕೊಂಡೇ ನಿಂತಳು. ರೆಫರಿ ಕೆಂಪಿನವಳ ಕೈ ಎತ್ತಿದಾಗ ನನಗೆ ಕಣ್ಣು ಮಂಜಾಯಿತು, ಮೂಗು ಮುರಿದ ದಿನಕ್ಕಿಂತ ಜಾಸ್ತಿ. ನನ್ನ ಎಲ್ಲ ಪದಕಗಳನ್ನೂ ತಕ್ಕಡಿಯ ಒಂದು ಕಡೆ ಇಟ್ಟರೂ ಆ ಕ್ಷಣವೇ ತೂಗುತ್ತದೆ.

ಪದಕ ಕೊಡುವುದು ಮುಗಿಯಿತು. ಹುಡುಗಿಯರಿಬ್ಬರೂ ತಬ್ಬಿಕೊಂಡು ಫೋಟೊ ತೆಗೆಸಿಕೊಂಡರು. ಅಮ್ಮಂದಿರು ಎಲ್ಲಿ ಅಂತ ನೋಡಿದರೆ ಅವರು ಎಲೆ ಅಡಿಕೆಯ ಚೀಲ ಬಿಚ್ಚಿ ನಡುವೆ ಇಟ್ಟುಕೊಂಡು ಕೂತಿದ್ದಾರೆ. ಬೆಳಗಾವಿಯವರಿಗೆ ಬೇಸರ ಆಗಿರಬಹುದು, ಸಮಾಧಾನ ಹೇಳುವ ಅಂತ ನಾನು ಹತ್ತಿರ ಹೋದೆ. ಬೇಸರವೂ ಇಲ್ಲ, ಏನೂ ಇಲ್ಲ. ಅವರು ನಮ್ಮ ಹುಡುಗಿಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಆಮೇಲೆ ಅಮ್ಮನ ಕೈ ಹಿಡಿದುಕೊಂಡು ಸ್ವರ ತಗ್ಗಿಸಿದರು.

"ನಮ್ಮ ಹಿರೇ ಮಗಗ ಹೆಣ್ಣ ನೋಡಾಕತ್ತೀವ್ರೀ. ಅಂವಾ ನಮ್ಮ ಮಾತು ಒಟ್ಟ ಕೇಳಂಗಿಲ್ಲ. ಆಂವಗ ಇಂಥಾಕಿನ ಬೇಕ್ ನೋಡ್ರಿ."

ನಾನು ಉಸಿರು ಹಿಡಿದು ನಿಂತೆ. ಇದೊಂದು ಮುಗಿಯಲಿ, ಆಮೇಲೆ ಮದುವೆ ಅಂತ ನನ್ನ ಎದುರೇ ಹೇಳಿದ ಅಮ್ಮ ಇವರು. ಅವರು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ಬೆಳಗಾವಿಯವರ ಕೈಗೆ ಕೊಟ್ಟರು. ಆಮೇಲೆ ನಿಧಾನವಾಗಿ, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಉತ್ತರ ಹೇಳಿದರು.

"ಈಗ ಆಗ್ಲಿಕ್ಕಿಲ್ಲ ಅಕ್ಕ. ಇವಳಿಗೆ ಇನ್ನು ನ್ಯಾಷನಲ್ಸ್ ಉಂಟು. ಅದು ಮುಗಿಯುವವರೆಗೆ ನಿಮ್ಮ ಮಗನೂ ಸ್ವಲ್ಪ ಪ್ರಾಕ್ಟೀಸ್ ಮಾಡ್ಲಿ."